ಒಂದು ಬೆರಳು ಖಾಲಿ

ಕಾರಿಗೆ ನಾನು ಎಣ್ಣೆ ಹಾಕಿದ್ದು ಭಕ್ತಿಯಿಂದ. ಅನರ್ಥವಾದದ್ದೂ ಅದರಿಂದಲೇ.

ನಮ್ಮಪ್ಪ ಕೊಂಡ ಆ ವಿಲಾಯಿತಿ ಕಾರಿಗೆ ಈಗಿನ ಗಾಡಿಗಳಂತೆ ಕೊಳವೆಯಂಥ ಶಾಕ್ ಅಬ್ಸಾರ್ಬರ್ ಇಲ್ಲ. ಚಕ್ರದ ಬಳಿ ಎಣ್ಣೆ ತುಂಬಿದ ಒಂದು ಡಬ್ಬಿ, ಅದಕ್ಕೊಂದು ಕಬ್ಬಿಣದ ತೋಳು. ಚಕ್ರ ಎದ್ದುಬಿದ್ದಾಗ ತೋಳು ಆಡುತ್ತದೆ. ಎಣ್ಣೆ ಸಣ್ಣ ತೂತಿನಲ್ಲಿ ತಿಣುಕುತ್ತಾ ಹಾದು ಏಟನ್ನು ನುಂಗಿಕೊಳ್ಳುತ್ತದೆ. ಇದರ ಸೇವೆಗೆ ಮಡಿ ಬೇಕು. ಬಿರಡೆ ತೆಗೆಯುವ ಮೊದಲು ಸುತ್ತಲಿನ ಮಣ್ಣು ಒರೆಸಬೇಕು. ಒಂದು ಕಣ ಒಳಬಿದ್ದರೂ ಕೆಟ್ಟಿತು. ಕೊನೆಗೆ, ಮೇಲೆ ಒಂದು ಬೆರಳಷ್ಟು ಖಾಲಿ ಬಿಡಬೇಕು. ಇದು ಮೆಕ್ಯಾನಿಕ್ ಇಮಾಮ್‌ಸಾಬರ ಉಪದೇಶ.

ಈ ‘ಖಾಲಿ’ ನಮ್ಮ ಮನೆತನಕ್ಕೆ ಒಗ್ಗದ ಮಾತು. ಜೋಳವನ್ನು ಸೇರಿನ ಮೇಲೆ ಗೋಪುರ ಎದ್ದು ಕಾಳು ಚೆಲ್ಲುವವರೆಗೆ ಅಳೆಯುವ ವ್ಯಾಪಾರಸ್ಥರು ನಾವು. ಬೇರೆಯವರ ಮನೆಯ ಪಾತ್ರೆಯನ್ನು ಬರಿದಾಗಿ ಹಿಂತಿರುಗಿಸಿದವರಲ್ಲ. ಹೀಗಾಗಿ ಅಂದು ಬೆಳಗ್ಗೆ, ಶುಭಕಾರ್ಯವೆಂದು, ಡಬ್ಬಿಗಳಿಗೆ ತುಳುಕುವಷ್ಟು ಎಣ್ಣೆ ಬಿಟ್ಟು ಬಿರಡೆ ಬಿಗಿದೆ.

ಶುಭಕಾರ್ಯವೆಂದರೆ ಗಿರಿಜಕ್ಕನನ್ನು ದಾವಣಗೆರೆಯ ಆಸ್ಪತ್ರೆಯಿಂದ ಹರಿಹರದ ಅವಳ ಮನೆಗೆ ಮುಟ್ಟಿಸುವುದು. ಅವಳ ಒಂದು ಕಣ್ಣು ಎಂದೋ ಹೋಗಿತ್ತು. ಉಳಿದ ಒಂದರ ಒಳಪರದೆ ಕಿತ್ತುಬಂದು, ಈಗಷ್ಟೇ ಅಂಟಿಸಿದ್ದರು. ವಾರವಿಡೀ ಮುಖ ಕೆಳಗೆ ಮಾಡಿಕೊಂಡೇ ಇರಬೇಕು, ತಲೆಗೆ ಕುಲುಕಾಟ ಕೂಡದು ಎಂದು ವೈದ್ಯರ ಅಪ್ಪಣೆ. ಟ್ಯಾಕ್ಸಿ ಹೇಳೋಣವೆಂದ ಭಾವನಿಗೆ, “ಅಪ್ಪನ ಕಾರು ತೊಟ್ಟಿಲಿದ್ದಂಗೈತೆ, ನೀವು ಮುಂದ ಹೋಗಿ ಹಾಸಿಗಿ ಹಾಸಿರ್ರಿ” ಎಂದು ಕೊಚ್ಚಿಕೊಂಡವನು ನಾನು.

ಊರು ದಾಟುವ ಮೊದಲೇ ಒಂದು ಹಂಪ್ ಬಂತು. ತೊಟ್ಟಿಲು ತೂಗಲಿಲ್ಲ, ಕಲ್ಲಿನಂತೆ ‘ಧಡ್’ ಎಂದಿತು. ಹಿಂದಿನ ಸೀಟಿನಲ್ಲಿ ದಿಂಬಿಗೆ ಮುಖವಿಟ್ಟಿದ್ದ ಅಕ್ಕ ‘ಅಮ್ಮಾ’ ಎಂದಳು. ನನ್ನ ಎದೆ ಆ ಹಂಪಿನಲ್ಲೇ ಉಳಿಯಿತು. ಕಾರು ನಿಲ್ಲಿಸಿ ಇಳಿದು ನೋಡಿದರೆ ಮುಂದಿನ ಎಡಚಕ್ರದ ಡಬ್ಬಿಯಿಂದ ಎಣ್ಣೆ ಒಸರುತ್ತಿತ್ತು. ಇಮಾಮ್‌ಸಾಬರಿಗೆ ಫೋನು ಹಚ್ಚಿದೆ.

“ಎಷ್ಟು ಹಾಕೀರಿ ಸಾಹೇಬ್ರೆ?”

“ತುಂಬ.”

“ತುಂಬ ಅಂದ್ರ?”

“ತುಳುಕೋ ಮಟ ಹಾಕೀನಿ.”

ಫೋನಿನಲ್ಲಿ ಒಂದು ನಿಟ್ಟುಸಿರು. “ಎಣ್ಣೆಗೂ ಸರಿದಾಡಾಕ ಜಾಗ ಬೇಕಲ್ರೀ. ಸ್ವಲ್ಪ ತೆಗೀರಿ, ಒಂದ್ ಹಂಪ್ ಹತ್ತಿಸಿ ನೋಡ್ರಿ.”

ಕಾರಿನೊಳಗಿಂದ ದಿಂಬು ಮಾತಾಡಿತು. “ಲೇ ಶಿವೂ, ಯಾಕ ನಿಂತಿ?”

“ಸ್ವಲ್ಪ ಗಾಳಿ ತಗೊಳ್ಳಾಣ ಅಂತ ಅಕ್ಕ.”

“ಬೋರಲ ಮಕ್ಕೊಂಡು ಎಂಥಾ ಗಾಳಿ ತಗೊಳ್ಳಲೋ? ಖರೇ ಹೇಳು.”

ಹೇಳಿದೆ. ಬೈಗುಳಕ್ಕೆ ಕಾದೆ.

“ಅಪ್ಪನ ಬುದ್ಧಿ ಎಲ್ಲಿ ಹೋಗ್ತೈತೆ! ಅವನು ರೇಡಿಯೋಕ್ಕೂ ಎಣ್ಣೆ ಬಿಟ್ಟಿದ್ದ” ಎಂದಳು. ಆಮೇಲೆ ದನಿ ತಗ್ಗಿಸಿ, “ಆದ್ರ ಹಂಪಿನ ಪರೀಕ್ಷೆ ನನ್ನ ಕಣ್ಣಿನ ಮ್ಯಾಲ ಬ್ಯಾಡಪ್ಪ. ಇರೋದೊಂದೇ.”

ಟ್ಯಾಕ್ಸಿಗೆ ಫೋನು ಮಾಡಿ, ಅದು ಬರುವವರೆಗೆ ಬೇವಿನ ನೆರಳಿನಲ್ಲಿ ನಿಂತಿದ್ದೆ. ಪ್ರತಿ ಲಾರಿ ಹಾದಾಗಲೂ ಕಾರು ನಡುಗುತ್ತಿತ್ತು, ಜೊತೆಗೆ ನಾನೂ. ಅವಳನ್ನು ಟ್ಯಾಕ್ಸಿಗೆ ಸಾಗಿಸಿ, ಬಿರಡೆಗಳ ಸುತ್ತ ಒರೆಸಿ, ಹತ್ತಿಯ ಬತ್ತಿ ಅದ್ದಿ ಎಣ್ಣೆ ಹೀರಿ ತೆಗೆದು, ಪ್ರತಿ ಡಬ್ಬಿಯಲ್ಲೂ ಒಂದು ಬೆರಳು ಖಾಲಿ ಮಾಡಿ ಟ್ಯಾಕ್ಸಿ ಹೋದ ದಾರಿಯಲ್ಲೇ ಹೊರಟೆ. ಮುಂದಿನ ಹಂಪುಗಳನ್ನು ಕಾರು ಅದೆಷ್ಟು ಮೆತ್ತಗೆ ದಾಟಿತೆಂದರೆ ನನಗೆ ಅವಮಾನವಾಯಿತು.

ಆ ‘ಧಡ್’ ಒಳಗೆ ಏನು ಮಾಡಿದೆಯೋ ಎಂದು ವಾರಗಟ್ಟಲೆ ನಿದ್ದೆ ಸರಿಯಾಗಿ ಹತ್ತಲಿಲ್ಲ. ಮುಖ ಎತ್ತಬಹುದೆಂದು ವೈದ್ಯರು ಹೇಳಿದ ಮೇಲೂ ಅವಳ ಕಣ್ಣಿಗೆ ಬರೀ ಮಂಜು. ಮೂರನೆಯ ವಾರ ಹರಿಹರಕ್ಕೆ ಹೋದಾಗ ಅಕ್ಕ ಜಗಲಿಯಲ್ಲಿ ಕೂತಿದ್ದಳು. ಹತ್ತಿರ ಕರೆದು, ನನ್ನ ಗಲ್ಲ ಹಿಡಿದು, ಬೆಳಕಿಗೆ ತಿರುಗಿಸಿ ಬಹಳ ಹೊತ್ತು ನೋಡಿದಳು.

“ಎಡಗಡೆ ಮೀಸೆ ಗಿಡ್ಡ ಕತ್ತರಿಸೀಯಲ್ಲೋ” ಎಂದಳು.

ವೈದ್ಯರ ಕೈಗುಣವನ್ನು ನಾನು ಎಲ್ಲರೆದುರೂ ಹೊಗಳುತ್ತೇನೆ. ಮೀಸೆಯನ್ನು ಮಾತ್ರ ಅಂದಿನಿಂದ ಎಡಗಡೆ ಗಿಡ್ಡವಾಗಿಯೇ ಬಿಟ್ಟಿದ್ದೇನೆ. ಅಕ್ಕ ನೋಡಿ ಬೈಯಲಿ.