ಗೀಜಗದ ಗಾಬರಿ

ಹಕ್ಕಿಗಳ ಸಂಶೋಧನೆಗೆಂದು ಬಂದ ಮೇಡಂ ಕೆರೂರಿನ ನಮ್ಮ ಮನೆಯಲ್ಲೇ ಬಾಡಿಗೆಗಿದ್ದರು. ಮಹಾಕೂಟದ ದಾರಿಯಲ್ಲಿ ಬಲೆ ಕಟ್ಟಿ ಗೀಜಗ ಹಿಡಿಯುವರು. ಕೂಡಲೇ ರೆಕ್ಕೆಯಡಿಯಿಂದ ಒಂದು ಹನಿ ರಕ್ತ ತೆಗೆದು, ಅರ್ಧ ತಾಸು ಬಟ್ಟೆಚೀಲದಲ್ಲಿಟ್ಟು, ಮತ್ತೊಂದು ಹನಿ ತೆಗೆಯುವರು. ಅಷ್ಟರಲ್ಲಿ ಗಾಬರಿಯ ಹಾರ್ಮೋನು ಎಷ್ಟು ಏರಿತೆಂದು ನೋಡುವುದೇ ಅವರ ಕೆಲಸ. ಬೇಸಿಗೆಯಲ್ಲಿ ಅದು ಭರ್ರನೆ ಏರುತ್ತಿತ್ತಂತೆ. ಮಳೆಗಾಲದಲ್ಲಿ, ಗೂಡಿನ ತುಂಬ ಮರಿಗಳಿದ್ದಾಗ, ಅಷ್ಟು ಏರುತ್ತಿರಲಿಲ್ಲವಂತೆ.

"ಮರಿ ಇದ್ದಾಗ ಗಾಬರಿಯಾಗಾಕ ಪುರಸೊತ್ತಿರಂಗಿಲ್ರಿ." ಕೈ ಒರೆಸಿಕೊಳ್ಳುತ್ತ ಮೇಡಂ ಹೇಳುವ ಖಾಯಂ ಮಾತು.

ಒಂದು ರಜೆಯ ದಿನ ನಾನೂ ಅವ್ವನೂ ಜೊತೆಗೆ ಹೋದೆವು. ಚೀಲದೊಳಗೆ ಮಿಡುಕುವ ಹಕ್ಕಿ ಕಂಡು ಅವ್ವ ಸುಮ್ಮನಿರಲಿಲ್ಲ. ಬುತ್ತಿಗಂಟಿನ ಉಪ್ಪು ಮುಷ್ಟಿಯಲ್ಲಿ ಹಿಡಿದು ದೃಷ್ಟಿ ತೆಗೆಯಲು ಎದ್ದಳು. "ಪಾಪ, ಕೂಸು ಅಂಜೇತಿ."

"ಅವ್ವಾ, ತಡೀರಿ! ಆ ಅಂಜಿಕಿನ ನಾ ಅಳೀಬೇಕು. ಆಮ್ಯಾಲ ತೆಗೀರಂತ." ಮೇಡಂ ಅಡ್ಡ ಬಂದರು.

ಎರಡನೆಯ ಹನಿ ತೆಗೆದದ್ದೇ, ಕೊಟ್ಟ ಮಾತಿನಂತೆ ಹಕ್ಕಿಯನ್ನು ಅವ್ವನ ಮುಂದೆ ಹಿಡಿದರು. ಅವ್ವ ಕೈ ಎತ್ತುವಷ್ಟರಲ್ಲಿ ಅದು ಮೇಡಂ ಬೆರಳು ಕಚ್ಚಿ ಹಾರಿಹೋಯಿತು. ಉಪ್ಪು ಮುಷ್ಟಿಯಲ್ಲೇ ಉಳಿಯಿತು.

ಮೇಡಂ ನಗುತ್ತ ಅವ್ವನೆದುರು ಕುಕ್ಕರಗಾಲಲ್ಲಿ ಕೂತು ತಲೆ ಬಗ್ಗಿಸಿದರು. "ನಂದರ ತೆಗೀರಿ. ಹಿಡಿದಾಗೊಮ್ಮೆ ನನ್ನ ಎದಿನೂ ಡವಡವ ಅಂತೈತ್ರಿ."