ಗುರುವನಿಗೆ ತೆರೆಯದ ಕೋಣೆ

ಗುರುವ ಸಿಂಗಾಪುರದ ಕಾಕಿ ಬುಕಿತ್‌ನ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಾನೆ. ಉಡುಪಿ ಕಡೆಯ ಡೋಲು ಬಾರಿಸುವ ಮನೆತನ. ಅವರ ಡೋಲಿಲ್ಲದೆ ಊರಿನ ದೈವದ ಕೋಲ ನಡೆಯದು. ಆದರೂ ಕೀಳು ಜಾತಿಯವನೆಂದು ಅವನ ಅಪ್ಪನನ್ನು ಸಾಯುವವರೆಗೆ ಆ ದೈವದ ಗುಡಿಯ ಹೊಸ್ತಿಲು ದಾಟಲು ಬಿಡಲಿಲ್ಲ. ಆ ಮಾತು ಬಂದರೆ ಗುರುವನ ದವಡೆ ಈಗಲೂ ಬಿಗಿಯುತ್ತದೆ.

ಇಲ್ಲಿ ಡೋಲಿನ ತರಗತಿಯೊಂದರಲ್ಲಿ ಅವನಿಗೆ ಕ್ಯೂಬಾದ ಎವೇಲಿಯೋ ಸಿಕ್ಕ. ಎವೇಲಿಯೋ ಅಬಕುವಾ ಎಂಬ ಗಂಡಸರ ಸಂಘದಲ್ಲಿ ದೀಕ್ಷೆ ಪಡೆದವನು. ಆಫ್ರಿಕಾದಿಂದ ಗುಲಾಮರಾಗಿ ಬಂದವರು ಕಟ್ಟಿದ ಸಂಘ ಅದು. ಅವರ ಪವಿತ್ರ ಡೋಲು ಮುಚ್ಚಿದ ಕೋಣೆಯಲ್ಲಿ ಮೊರೆಯುತ್ತದೆ. ದೀಕ್ಷೆಯಾದವರಿಗಷ್ಟೇ ಒಳಗೆ ಪ್ರವೇಶ. ಹುಟ್ಟು ಕೇಳುವುದಿಲ್ಲ, ನಡತೆ ಕೇಳುತ್ತಾರೆ.

ಗುರುವನಿಗೆ ಅಷ್ಟು ಸಾಕಾಯಿತು. ಮೂರು ವರ್ಷ ಭಾನುವಾರ ತಪ್ಪಿಸದೆ ಕಲಿತ. ದೀಕ್ಷೆಗೆಂದು ಜನವರಿಗೆ ಕ್ಯೂಬಾದ ಟಿಕೆಟ್ ಬುಕ್ ಮಾಡಿದ.

"ಒಮ್ಮೆ ಒಳಗೆ ನಿಂತು ಕೇಳ್ಬೇಕು ಆಂಟಿ," ಎಂದಿದ್ದ ನನಗೆ, ಲಿಫ್ಟಿನಲ್ಲಿ.

ಸಂಘಕ್ಕೆ ಹೊಸಬನ ಹೆಸರು ಸೂಚಿಸುವ ಮೊದಲು ಅವನ ಮನೆಯವರನ್ನು ವಿಚಾರಿಸುವುದು ಅವರ ಪದ್ಧತಿ. ಚೋವಾ ಚು ಕಾಂಗ್ ಬಡಾವಣೆಯ ಫ್ಲ್ಯಾಟಿಗೆ ಎವೇಲಿಯೋ ಬಂದ ದಿನ ಗುರುವನ ಹೆಂಡತಿ ಪ್ರಫುಲ್ಲಾ ನೀರುದೋಸೆ ಮಾಡಿ, ಪಕ್ಕದ ಮನೆಯ ನನ್ನನ್ನೂ ಕರೆದಿದ್ದಳು.

"ಒಳ್ಳೇ ಮಗನಾ?" ಎವೇಲಿಯೋ ಅವಳನ್ನು ಕೇಳಿದ.

"ಹೌದು. ಅತ್ತೆ ಇರೋವರೆಗೂ ಚೆನ್ನಾಗಿ ನೋಡ್ಕೊಂಡ್ರು."

"ಒಳ್ಳೇ ಗಂಡನಾ?"

"ಪಾತ್ರೆ ತೊಳೀತಾರೆ. ತಳ ಉಜ್ಜೋದಿಲ್ಲ ಅಷ್ಟೇ."

ಎಲ್ಲರೂ ನಕ್ಕೆವು.

"ಒಳ್ಳೇ ಅಣ್ಣನಾ?"

ಪ್ರಫುಲ್ಲಾ ತಟ್ಟೆ ಕೆಳಗಿಟ್ಟಳು. ಗುರುವನ ತಂಗಿ ಚೈತನ್ಯಾ ಇದೇ ಊರಿನಲ್ಲಿ ನರ್ಸ್. ತಮಗಿಂತ ಕೆಳಗಿನವರೆಂದು ಗುರುವ ಎಣಿಸುವ ಜಾತಿಯವನನ್ನು ಮದುವೆಯಾದಳು. ಕೂಸನ್ನು ಎತ್ತಿಕೊಂಡು, ಗಂಡನ ಜೊತೆ ಬಂದಾಗ ಗುರುವ ಬಾಗಿಲು ತೆಗೆಯಲಿಲ್ಲ. ನಮ್ಮ ಮನೆಯಲ್ಲಿ ನೀರು ಕುಡಿದು ಹೋಗಿದ್ದರು.

"ಅಲ್ಲ," ಎಂದಳು ಪ್ರಫುಲ್ಲಾ. ನಡೆದದ್ದನ್ನೆಲ್ಲ ಹೇಳಿದಳು.

ಎವೇಲಿಯೋ ಗುರುವನ ಭುಜದ ಮೇಲೆ ಕೈಯಿಟ್ಟ. "ಅವರಿಬ್ಬರನ್ನೂ ಊಟಕ್ಕೆ ಕರಿ. ಅವತ್ತೇ ನಿನ್ನ ಹೆಸರು ಹೇಳ್ತೀನಿ."

ಅವನು ಹೋದ ಮೇಲೆ ಗುರುವ ಹೆಂಡತಿಯತ್ತ ತಿರುಗಿದ. "ಒಂದು ಸುಳ್ಳು ಹೇಳ್ಲಿಕ್ಕೆ ಆಗ್ಲಿಲ್ವಾ ನಿಂಗೆ?"

"ಒಂದು ಫೋನ್ ಮಾಡಿ. ನಂಬರ್ ನಾನು ಕೊಡ್ತೇನೆ."

"ಅವನು ನನ್ನ ಮನೆ ಒಳಗೆ ಬರೋದಾ?"

ಪ್ರಫುಲ್ಲಾ ಉಳಿದ ದೋಸೆಯನ್ನು ನನಗೆ ಕಟ್ಟಿಕೊಟ್ಟಳು.

ಡಿಸೆಂಬರ್ ಪೂರ್ತಿ ಅವಳು ಕಾದಳು. ನಾನೂ ದೇವರ ಮುಂದೆ ಕೇಳಿಕೊಂಡೆ. ಗುರುವ ಫೋನ್ ಮಾಡಲಿಲ್ಲ, ಟಿಕೆಟ್ ಕ್ಯಾನ್ಸಲ್ ಮಾಡಿದ.

ಈಗ ಭಾನುವಾರ ನಮ್ಮ ಕಟ್ಟಡದ ತಳದ ವಾಯ್ಡ್ ಡೆಕ್ ಎಂಬ ತೆರೆದ ಜಾಗದಲ್ಲಿ ಒಬ್ಬನೇ ಕೂತು ಡೋಲು ಬಾರಿಸುತ್ತಾನೆ. ಕ್ಯೂಬಾಕ್ಕೆ ಯಾಕೆ ಹೋಗಲಿಲ್ಲ ಎಂದು ಯಾರಾದರೂ ಕೇಳಿದರೆ ಕೈ ನಿಲ್ಲಿಸದೆ ಹೇಳುತ್ತಾನೆ: "ಎಲ್ಲಾ ಕಡೆ ಒಂದೇ. ನಮ್ಮಂಥವರನ್ನ ಹೊರಗೇ ಇಡ್ತಾರೆ."