ಸಂಡಿಗೆ ನುಂಗಿದ ಸಂಗೀತ

ಬೆಳಿಗ್ಗೆ ನಮ್ಮ ವಾಟ್ಸಾಪ್ ಗುಂಪಿಗೆ ಹೂವಿನ ಚಿತ್ರ ಕಳಿಸಿ ದಿನವಿಡೀ ನಾಪತ್ತೆಯಾಗುವ ಮಹಾರಾಯರೇ, ಮಹಾರಾಯಿತಿಯರೇ, ಇದನ್ನಾದರೂ ಪೂರ್ತಿ ಓದಿ.

ನೀವೆಲ್ಲ ಬಾಯಿಬಿಟ್ಟು ಕೇಳಿದ್ದಿರೆಂದು ಇವತ್ತು ಮಾಳಿಗೆಯ ಮೇಲೆ ಅಕ್ಕಿ ಸಂಡಿಗೆ ಹಾಕಿದೆ. ಟ್ಯಾಂಕಿಗೆ ನೀರೇರಿಸಲು ಮೋಟರ್ ಹಾಕಿ ಕೆಳಗೆ ಬಂದೆ. ಮೊಮ್ಮಗಳು ಸುಮಾ ಪಿಯಾನೊದ ಸ್ವರಕ್ಕೆ ಕಂಪ್ಯೂಟರಿನ ಸದ್ದು ಬೆರೆಸಿ ತಾನೇ ಮಾಡಿದ ಸಂಗೀತ ಹಚ್ಚಿದ್ದಳು.

"ಹಾಡೋರಿಲ್ಲ, ತಾಳ ಇಲ್ಲ. ಏನ್ ಕೇಳ್ಬೇಕು ಇದರಾಗ?" ಎಂದೆ.

"ಕಣ್ಣು ಮುಚ್ಕೊಂಡು ಸುಮ್ನ ಕುಂದ್ರಜ್ಜಿ."

ಪಿಯಾನೊದ ಒಂದು ಸ್ವರ ಬಿತ್ತು. ಅದು ಪೂರ್ತಿ ಆರುವ ತನಕ ಇನ್ನೊಂದು ಬರಲಿಲ್ಲ. ಅಡಿಯಲ್ಲಿ ಏನೋ ಗುಂಯ್ ಎನ್ನುತ್ತಿತ್ತು. ಹಂಪಿಯ ಹೊಳೆಯ ನಡುವೆ ಹರಗೋಲು ಮೆಲ್ಲಗೆ ತಿರುಗುವಂತೆ ನಾನೂ ತಿರುಗಿದೆ. ಮಂಡಿನೋವು ದಡದಲ್ಲೇ ಉಳಿಯಿತು. ಸ್ವರಗಳು ಒಂದೊಂದಾಗಿ ದೂರ ಹೋದವು. ಆ ಗುಂಯ್ ಮಾತ್ರ ಉಳಿಯಿತು. ಎಷ್ಟು ಹೊತ್ತು ಅದರಲ್ಲಿ ತೇಲಿದೆನೋ!

"ಈ ಕೊನೀದು ಭಾಳ ಚಲೋ ಐತಿ ನೋಡವಾ," ಎಂದೆ, ಕಣ್ಣು ತೆರೆಯದೆ.

"ಅಜ್ಜಿ, ಹಾಡು ಮುಗಿದು ಅರ್ಧ ತಾಸಾತು!"

ಅಷ್ಟರಲ್ಲಿ ಪಕ್ಕದ ಮನೆಯ ಗಂಗಮ್ಮ ಕೂಗಿದಳು: "ಯಮ್ಮಾ, ಜಲ್ದಿ ಮೋಟರ್ ಬಂದ್ ಮಾಡ್ರಿ! ನಿಮ್ಮ ಸಂಡಿಗಿ ಈಜ್ಕೊಂತ ನಮ್ಮ ಅಂಗಳಕ್ಕ ಬಂದಾವು!"

ಸುಮಾ ಈಗ ಆ ಮೋಟರಿನ ಸದ್ದನ್ನೂ ಹಾಡಿಗೆ ಸೇರಿಸಿದ್ದಾಳೆ. ನಿಮ್ಮ ಪಾಲಿಗೆ ಈ ಸಲ ಸಂಡಿಗೆ ಇಲ್ಲ, ಆ ಹಾಡೇ ಗತಿ. ಕಳಿಸುತ್ತೇನೆ, ಕಣ್ಣು ಮುಚ್ಚಿ ಕೇಳಿ. ಮುಂದಿನ ತಿಂಗಳು ಹುಟ್ಟುವುದರೊಳಗೆ ಹೇಗಿದೆ ಎಂದು ಬರೆಯಿರಿ. ಹೂವಿನ ಚಿತ್ರ ಕಳಿಸಿದಿರೋ, ನೋಡಿ ಮತ್ತೆ!